ಅರ್ಥ ಹೇಳುವವನಿಲ್ಲದ ಗುರುವಾರ

ಕನ್ನಡಕದಂಗಡಿಯವನು ತೀರಿಕೊಂಡ ಸುದ್ದಿ ಬಂದದ್ದು ಗುರುವಾರ ಬೆಳಿಗ್ಗೆ. ಟೈಲರಮ್ಮ ಒಂದು ಅಂಗಿಯ ಕಾಲರ್ ಹೊಲಿಯುತ್ತಿದ್ದಳು. ಫೋನಿನಲ್ಲಿ ಆತನ ಅಕ್ಕ, "ತಮ್ಮ ಹೋಗ್ಬಿಟ್ಟ ಕಣಮ್ಮ. ಮಲಗಿದವನು ಏಳಲೇ ಇಲ್ಲ," ಎಂದಳು. ಟೈಲರಮ್ಮ "ಹೂಂ" ಎಂದು ಫೋನಿಟ್ಟು, ಉಳಿದ ಅರ್ಧ ಕಾಲರನ್ನು ಹೊಲಿದು ಮುಗಿಸಿ, ದಾರ ಕತ್ತರಿಸಿದಳು. ಆಮೇಲೆ ಮಿಷನ್ನಿನ ಮೇಲೆ ಹಣೆಯಿಟ್ಟಳು.

ಇಬ್ಬರೂ ಒಂಟಿ. ಆಕೆಯ ಗಂಡ ತೀರಿ ಹದಿನಾಲ್ಕು ವರ್ಷ. ಆತ ಮದುವೆಯನ್ನೇ ಆಗಿರಲಿಲ್ಲ. ಮೊದಲ ಪರಿಚಯ ಅಂಗಡಿಯಲ್ಲಿ. ಒಂಬತ್ತು ವರ್ಷದ ಹಿಂದೆ, ಸೂಜಿಗೆ ದಾರ ಪೋಣಿಸಲಾಗದೆ ಹೋಗಿದ್ದಳು. ಆತ ಸಣ್ಣ ಟಾರ್ಚ್ ಹಿಡಿದು ಮುಖದ ಹತ್ತಿರ ಬಂದ.

"ನನ್ನ ಕಿವಿ ನೋಡಿ."

"ಕಿವಿನಾ? ಅದರಲ್ಲೇನಿದೆ ನೋಡೋಕೆ?"

"ಏನೂ ಇಲ್ಲ. ಕಣ್ಣು ಆಚೆ ಈಚೆ ಓಡಬಾರದು, ಅಷ್ಟೇ."

"ಓಡಿದ್ರೆ?"

"ನಂಬರ್ ತಪ್ಪುತ್ತೆ. ಆಮೇಲೆ ಒಂದೇ ಅಂಗಿಗೆ ಮೂರು ತೋಳು ಹೊಲಿದು ನನ್ನನ್ನ ಬೈತೀರ."

ನಕ್ಕಳು. ಕಿವಿಯನ್ನೇ ನೋಡಿದಳು. ಅದರ ಅಂಚಿನಲ್ಲಿ ಎಳ್ಳಿನಷ್ಟು ಸಣ್ಣ ಮಚ್ಚೆ ಇತ್ತು.

ಆತನೇ ಆಕೆಯನ್ನು ಗುರುವಾರದ ಮನೆಕೂಟಕ್ಕೆ, ಕ್ರೈಸ್ತರು ಮನೆಯಲ್ಲೇ ಸೇರಿ ಮಾಡುವ ಪ್ರಾರ್ಥನೆಗೆ, ಕರೆದದ್ದು. ನಿವೃತ್ತ ಟೀಚರಮ್ಮನ ಮನೆಯ ಮುಂದಿನ ಕೋಣೆ, ಒಂದು ಚಾಪೆ, ಆರು ಕುರ್ಚಿ, ಏಳೆಂಟು ಜನ. ದೇವರು ಒಬ್ಬೊಬ್ಬರಿಗೆ ಒಂದೊಂದು ವರ ಕೊಟ್ಟಿದ್ದ. ಟೀಚರಮ್ಮನಿಗೆ ಬೈಬಲಿನ ವಾಕ್ಯ ಬಿಡಿಸಿ ಹೇಳುವುದು. ಬಸ್ ಡ್ರೈವರಿಗೆ ರೋಗಿಗಳಿಗಾಗಿ ಪ್ರಾರ್ಥಿಸುವುದು. ಕನ್ನಡಕದವನ ಅಕ್ಕನಿಗೆ, ಯಾರು ಹಸಿದು ಬಂದಿದ್ದಾರೆಂದು ಮುಖ ನೋಡಿಯೇ ತಿಳಿದು ಬಡಿಸುವುದು. ಟೈಲರಮ್ಮನಿಗೆ ಬಂದದ್ದು ಅನ್ಯಭಾಷೆ. ಮನಸ್ಸು ತುಂಬಿ ಪ್ರಾರ್ಥಿಸುವಾಗ ತನಗೇ ತಿಳಿಯದ ನುಡಿ ಆಕೆಯ ಬಾಯಿಂದ ಹರಿಯುತ್ತಿತ್ತು. ಅದರ ಅರ್ಥ ಹೇಳುವ ವರ ಇದ್ದದ್ದು ಆತನೊಬ್ಬನಿಗೆ. ಅರ್ಥ ಹೇಳುವವರಿಲ್ಲದಿದ್ದರೆ ಅನ್ಯಭಾಷೆಯವರು ಸುಮ್ಮನಿರಬೇಕೆಂಬುದು ಕೂಟದ ಕಟ್ಟಳೆ.

ಆತ ಕಣ್ಣು ಮುಚ್ಚಿ ಅರ್ಥ ಹೇಳುತ್ತಿದ್ದ. ಆಕೆ ಕಣ್ಣು ತೆರೆದು ಆ ಮಚ್ಚೆಯನ್ನು ನೋಡುತ್ತಿದ್ದಳು. ಆತ ಹೇಳುತ್ತಿದ್ದದ್ದೆಲ್ಲ ಕೂಟಕ್ಕೆ ಬೇಕಾದ ಮಾತು: ಕೆಲಸ ಕಳೆದುಕೊಂಡವನಿಗೆ ಧೈರ್ಯ, ಮಾತು ಬಿಟ್ಟ ಅತ್ತೆಸೊಸೆಗೆ ಸಮಾಧಾನ. ಒಂದು ದಿನವಾದರೂ ತನಗೆಂದೇ ಒಂದು ಮಾತು ಬಂದೀತೆಂದು ಕಾದಳು. ಬರಲಿಲ್ಲ.

ಹೋದ ತಿಂಗಳು ಆತ ಮೂರು ಗುರುವಾರ, "ಇವತ್ತು ನನ್ನಿಂದ ಆಗಲ್ಲ," ಎಂದು ತಲೆ ತಗ್ಗಿಸಿ ಕುಳಿತ. ಆಕೆಯೂ ಬಾಯಿ ಮುಚ್ಚಿದಳು. ನಾಲ್ಕನೆಯ ವಾರ ಆತನನ್ನು ಬೀದಿಯಲ್ಲಿ ತಡೆದು ಕೇಳಿದಳು.

"ನನ್ನ ಮೇಲೆ ಮುನಿಸಾ?"

"ಛೆ, ಇಲ್ಲ ಸಿಸ್ಟರ್. ನೀವು ಮೊನ್ನೆ ಮಾಡೋಕೆ ಹೇಳಿದ ಹೊಸ ಕನ್ನಡಕ ಬರಲಿ, ಆವಾಗ ಹೇಳ್ತೀನಿ."

"ಅದಕ್ಕೂ ಇದಕ್ಕೂ ಏನು ಸಂಬಂಧ?"

"ಆವತ್ತು ಕಿವಿ ಬಿಟ್ಟು ಮುಖ ನೋಡಬೇಕು ನೀವು."

ಅದೇ ಕೊನೆಯ ಮಾತು.

ಮಣ್ಣು ಮಾಡಿದ ಮುಂದಿನ ಗುರುವಾರ, ಕೂಟಕ್ಕೆ ಮುಂಚೆ, ಆತನ ಅಕ್ಕ ಕನ್ನಡಕದ ಡಬ್ಬಿ ತಂದುಕೊಟ್ಟಳು. ಟೈಲರಮ್ಮ ಟೀಚರಮ್ಮನ ಅಡುಗೆಮನೆಯ ಮೂಲೆಗೆ ಹೋಗಿ ತೆರೆದಳು. ಕನ್ನಡಕ, ಒರೆಸುವ ಬಟ್ಟೆ, ನಂಬರಿನ ಕಾರ್ಡು. ಡಬ್ಬಿಯ ಒಳಬಟ್ಟೆಯನ್ನೂ ಬೆರಳಿಂದ ಸವರಿ ನೋಡಿದಳು. ಒಂದು ಚೀಟಿಯೂ ಇರಲಿಲ್ಲ.

ಟೀಚರಮ್ಮ ಹಿಂದೆಯೇ ಬಂದು ನಿಂತಿದ್ದರು.

"ಹೇಳಬೇಡಿ ಅಂತ ಮಾತು ತಗೊಂಡಿದ್ದ. ಈಗ ಮುಚ್ಚಿಟ್ಟು ಏನು ಮಾಡಲಿ? 'ಅವರು ಬಾಯಿ ತೆರೆದ್ರೆ ನನ್ನ ಮನಸ್ಸಿನ ಮಾತೇ ನಾಲಿಗೆಗೆ ಬರುತ್ತೆ ಟೀಚರಮ್ಮ. ಅದನ್ನ ದೇವರ ಮಾತು ಅಂತ ಹೇಳಿದ್ರೆ ಕಳ್ಳತನ. ವರ ಕೊಟ್ಟಿರೋದು ಕೂಟಕ್ಕೆ, ನನ್ನ ಆಸೆಗಲ್ಲ' ಅಂದ."

"ನೀವೇನಂದ್ರಿ?"

"ದೇವರ ಹೆಸರಲ್ಲಿ ಬೇಡ ಕಣೋ ಪೆದ್ದ, ನಿನ್ನ ಹೆಸರಲ್ಲೇ ಹೋಗಿ ಹೇಳು ಅಂದೆ. ಐವತ್ತೆರಡು ವರ್ಷದ ಗಂಡಸು, ಕಿವಿ ತನಕ ಕೆಂಪಾದ."

ಟೈಲರಮ್ಮನಿಗೆ ನಗು ಬಂತು. ಬಂದ ನಗು ಅರ್ಧದಲ್ಲೇ ಅಳುವಾಯಿತು. ಟೀಚರಮ್ಮ ತಮ್ಮ ಸೆರಗನ್ನೇ ಕೊಟ್ಟರು.

ಕೂಟ ಶುರುವಾಯಿತು. ಆತನ ಕುರ್ಚಿಯಲ್ಲಿ ಯಾರೂ ಕೂರಲಿಲ್ಲ. ಡ್ರೈವರ್ ಮೆಲ್ಲಗೆ, "ಸಿಸ್ಟರ್, ನೀವು ಪ್ರಾರ್ಥನೆ ಮಾಡ್ತೀರಾ?" ಎಂದು ಕೇಳಿದ. ಹಳೆಯ ನುಡಿ ಗಂಟಲಿನ ತನಕ ಉಕ್ಕಿ ಬಂತು. ಅರ್ಥ ಹೇಳುವವರು ಇರಲಿಲ್ಲ. ತುಟಿ ಬಿಗಿದುಕೊಂಡಳು. ಎದುರಿಗೆ ಆತನ ಅಕ್ಕ, ಇಂದು ಯಾರಿಗೂ ಏನೂ ಬಡಿಸದೆ, ಒಂದು ಸಮಾಧಾನದ ಮಾತಿಗಾಗಿ ಹಸಿದವಳ ಹಾಗೆ ಕುಳಿತಿದ್ದಳು.

ಟೈಲರಮ್ಮ ಹೊಸ ಕನ್ನಡಕ ಹಾಕಿಕೊಂಡಳು. ಖಾಲಿ ಕುರ್ಚಿ, ಅದರ ಸವೆದ ಕೈ, ಎಲ್ಲವೂ ಸ್ಪಷ್ಟವಾಗಿ ಕಂಡವು. ಎಲ್ಲರಿಗೂ ತಿಳಿಯುವ ಮಾತಿನಲ್ಲಿ ಆಕೆ ಕೂಟದಲ್ಲಿ ಎಂದೂ ಪ್ರಾರ್ಥಿಸಿದವಳಲ್ಲ. ಎದ್ದು ನಿಂತಳು.

"ತಂದೆಯೇ, ಇವತ್ತು ನನಗೂ ಅರ್ಥ ಆಗೋ ಹಾಗೆ ಕೇಳ್ತೀನಿ. ಅವರು ನಿನ್ನ ಮಾತಿಗೆ ತಮ್ಮ ಮಾತು ಬೆರೆಸಲಿಲ್ಲ. ನನಗೋಸ್ಕರ ಒಂದು ಮಾತೂ ಕದಿಯಲಿಲ್ಲ. ಅದಕ್ಕೇ ಇಷ್ಟು ವರ್ಷ ನಾನು ಕೊರಗಿದೆ. ಅದಕ್ಕೇ ಇವತ್ತು ನಿನಗೆ ಸ್ತೋತ್ರ ಹೇಳ್ತೀನಿ. ಅವರ ಅಕ್ಕನ ಮನೆಯಲ್ಲಿ ಇರು. ನನ್ನ ಮನೆಯಲ್ಲೂ ಇರು, ಅಲ್ಲಿ ಬೇರೆ ಯಾರೂ ಇಲ್ಲ. ಅವರು ನನಗೆ ಹೇಳಬೇಕೂಂತ ಇದ್ದದ್ದನ್ನ ನಿನ್ನ ಹತ್ತಿರ ಜೋಪಾನವಾಗಿ ಇಟ್ಟಿರು. ನಾನು ಬಂದಾಗ ಅವರ ಬಾಯಿಂದಲೇ ಕೇಳ್ತೀನಿ. ಅಲ್ಲೀವರೆಗೂ ಅವರ ಆತ್ಮಕ್ಕೆ ಶಾಂತಿ ಕೊಡು ತಂದೆ. ಆಮೆನ್."