ನೀಲಿ ಬಟ್ಟೆಯ ಅಂಚಿನ ಬೆರಳು

"ಇವರು ಯಾರು?"

ಹುಡುಗಿ ನನ್ನ ಸ್ಟುಡಿಯೋದ ಕೌಂಟರ್ ಮೇಲೆ ಸ್ಟ್ಯಾಂಪ್ ಸೈಜಿನ ಫೋಟೋಗಳನ್ನು ಇಸ್ಪೀಟೆಲೆ ಹರಡಿದಂತೆ ಹರಡಿ ನಿಂತಿದ್ದಳು. ಬಸ್ಸಿನ ಧೂಳು ಹುಬ್ಬಿನ ಮೇಲೆ ಇನ್ನೂ ಕೂತಿತ್ತು. ಆ ಹುಬ್ಬಿನ ಕೆಳಗಿನ ಕಣ್ಣುಗಳ ಬಗ್ಗೆ ಹೇಳುವುದು ಬಹಳ ಇದೆ, ಆದರೆ ಆ ಹೊತ್ತಿನಲ್ಲಿ ಅವು ನನ್ನನ್ನು ದುರುಗುಟ್ಟಿ ನೋಡುತ್ತಿದ್ದವು, ಅಷ್ಟೇ.

"ಎಸ್ಟೇಟಿನ ಕೂಲಿ ಲೈನಿನವರು. ಸಂತೆ ದಿನ ಬಂದು ತೆಗೆಸ್ಕೊಂಡು ಹೋದ್ರು. ರೇಷನ್ ಕಾರ್ಡಿಗೆ ಅಂತ" ಎಂದೆ.

"ಲೈನಿನವರೇ ಅಲ್ಲ ಇವರು. ಇದು ಅಂಜನಮ್ಮ, ನನ್ನಜ್ಜಿ. ಅಜ್ಜಿಯ ಎಡಗೆನ್ನೆ ಮೇಲೆ ಕಡಲೆಕಾಳಿನಷ್ಟು ಮಚ್ಚೆ ಇದೆ. ಅರ್ಜಿಯಲ್ಲಿ ಗುರುತು ಅಂತ ಅದನ್ನೇ ಬರೆದಿದ್ದೀನಿ. ಎಲ್ಲಿ ಮಚ್ಚೆ?"

"ತೆಗೆದೆ."

"ತೆಗೆದ್ರಾ?"

"ಚಂದ ಕಾಣ್ಲಿ ಅಂತ. ಅದಕ್ಕೆ ಬೇರೆ ಚಾರ್ಜ್ ಮಾಡಿಲ್ಲ."

ಅದು ಎರಡು ಸಾವಿರದ ಆರರ ಮಾತು. ಕಳಸದ ಬಸ್ ಸ್ಟ್ಯಾಂಡಿನ ಎದುರಿನ ನನ್ನ ಸ್ಟುಡಿಯೋಗೆ ಆಗಷ್ಟೇ ಕಂಪ್ಯೂಟರ್ ಬಂದಿತ್ತು. ಹೊಸದಾಗಿ ಕತ್ತಿ ಸಿಕ್ಕವನು ಬೇಲಿಯ ಜೊತೆ ಗಿಡವನ್ನೂ ಸವರುವ ಹಾಗೆ, ನಾನು ಕಂಡಕಂಡವರ ಮಚ್ಚೆ, ಗಾಯ, ಸುಕ್ಕುಗಳನ್ನೆಲ್ಲ ಅಳಿಸಿ, ಮೈಬಣ್ಣವನ್ನೂ ಒಂದಿಷ್ಟು ಬಿಳಿ ಮಾಡಿ ಕೊಡುತ್ತಿದ್ದೆ. ಮದುವೆ ಮನೆಯವರು ಹೊಗಳುತ್ತಿದ್ದರು. ನಾಡಕಚೇರಿಯವರು ಹೊಗಳಲಿಲ್ಲ. ಫೋಟೋದಲ್ಲಿರುವ ಅಜ್ಜಿಯೇ ಬೇರೆ, ಎದುರಿಗೆ ನಿಂತ ಅಜ್ಜಿಯೇ ಬೇರೆ ಎಂದು ಲೈನಿನ ಅರ್ಜಿಗಳನ್ನೆಲ್ಲ ವಾಪಸ್ ಕಳಿಸಿದ್ದರು.

"ಚಿಕ್ಕಯ್ಯ ಮಾವನಿಗೆ ಇಲ್ಲದ ಹಲ್ಲು ಕೊಟ್ಟಿದ್ದೀರಿ. ಅವರು ಖುಷಿಯಾಗಿದ್ದಾರೆ ಬಿಡಿ. ಆದ್ರೆ ಕಾರ್ಡ್ ಕೊಡೋ ಕ್ಯಾಂಪ್ ಈ ತಿಂಗಳ ಕೊನೆಗೆ ಮುಗೀತದೆ. ಕಾರ್ಡ್ ಇಲ್ಲದಿದ್ರೆ ನನ್ನಜ್ಜಿಗೆ ಕಣ್ಣಿನ ಪೊರೆ ಆಪರೇಷನ್ ಪುಕ್ಕಟೆ ಮಾಡಲ್ಲ. ಎರಡು ಕಣ್ಣಿಗೂ ಬಂದಿದೆ. ನನ್ನ ಮುಖಾನೂ ಈಗ ಮಂಜು ಮಂಜು ಅಂತಾಳೆ."

ಇಷ್ಟು ಹೇಳುವಾಗ ಅವಳ ಸಿಟ್ಟು ಎಲ್ಲೋ ಇಳಿದುಹೋಗಿತ್ತು. ಆ ಕಣ್ಣುಗಳು ತುಂಬಿದ್ದನ್ನು ನಾನು ನೋಡಬಾರದೆಂದು ಅವಳು ಫೋಟೋ ಆರಿಸುವ ನೆಪ ಮಾಡಿದಳು. ನನಗೆ ಆಗಲೇ ಏನೋ ಆಯಿತು. ಏನೆಂದು ಹೇಳುವಷ್ಟು ಬುದ್ಧಿ ಆಗ ಇರಲಿಲ್ಲ.

"ಭಾನುವಾರ ಲೈನಿಗೇ ಬರ್ತೀನಿ. ಎಲ್ಲರದ್ದೂ ಹೊಸದಾಗಿ ತೆಗೀತೀನಿ" ಎಂದೆ.

"ಕಂಪ್ಯೂಟರ್ ಮುಟ್ಟಬಾರದು."

"ಮುಟ್ಟಲ್ಲ. ಹಳೇ ಕ್ಯಾಮೆರಾ, ಹಳೇ ರೀಲು. ಇದ್ದದ್ದು ಇದ್ದ ಹಾಗೆ."

ಬಾಗಿಲವರೆಗೆ ಹೋದವಳು ತಿರುಗಿ, ಬೋರ್ಡಿನ ಮೇಲಿನ ಹೆಸರು ಓದಿ, "ನೆನಪಿರಲಿ, ಧರ್ಮೇಶ್" ಎಂದಳು. ನಮ್ಮ ಕಡೆ ಹೆಣ್ಣುಮಕ್ಕಳು ಪರಿಚಯವಿಲ್ಲದ ಗಂಡಸನ್ನು ಹೀಗೆ ಬರೀ ಹೆಸರು ಹಿಡಿದು ಕರೆಯುವುದಿಲ್ಲ. ಪಕ್ಕದ ಟೈಲರ್ ಹೊಲಿಗೆ ನಿಲ್ಲಿಸಿ ನನ್ನನ್ನೇ ನೋಡಿದ.

*

ಭಾನುವಾರ ಹೋದಾಗ ತೋಟವೆಲ್ಲ ಹೂಬಿಟ್ಟಿತ್ತು. ಹಿಂದಿನ ವಾರ ಬಿದ್ದ ಮಳೆಗೆ ಕಾಫಿ ಗಿಡಗಳು ರೆಂಬೆ ಕಾಣದಂತೆ ಬೆಳ್ಳಗಾಗಿ, ಆ ಪರಿಮಳಕ್ಕೆ ತಲೆ ಹಗುರಾಗಿ, ನಾನು ನಡೆಯುತ್ತಿದ್ದೇನೋ ತೇಲುತ್ತಿದ್ದೇನೋ ತಿಳಿಯಲಿಲ್ಲ. ಜೇನುನೊಣಗಳ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ.

ಅವಳ ಹೆಸರು ರಂಜಿತಾ ಎಂದು ಅಲ್ಲಿ ತಿಳಿಯಿತು. ಎಸ್ಟೇಟಿನ ಶಿಶುವಿಹಾರದಲ್ಲಿ ಮಕ್ಕಳನ್ನು ನೋಡಿಕೊಳ್ಳುತ್ತಿದ್ದಳು. ತಂದೆ ತಾಯಿ ಇಲ್ಲದ ಅವಳನ್ನು ಅಜ್ಜಿಯೇ ಕುದುರೆಮುಖದಲ್ಲಿ, ಕಂಟ್ರಾಕ್ಟ್ ಕೂಲಿಗಳ ಶೆಡ್ಡಿನಲ್ಲಿ ಸಾಕಿದ್ದಳು. ಅಲ್ಲಿನ ಅದಿರಿನ ಗಣಿ ನಿಂತ ಮೇಲೆ ಶೆಡ್ಡು ಕಿತ್ತರು. ಅಲ್ಲಿದ್ದ ಹಲವರು ಈ ಲೈನಿಗೆ ಬಂದರು. ಬೇರೆಯವರ ಮನೆಯಲ್ಲಿ ಪಾತ್ರೆಯ ಜೊತೆ ಅಂಗೈಯಗಲದ ದಾಖಲೆಯಾದರೂ ಇರುತ್ತದೆ, ಇವರಲ್ಲಿ ಪಾತ್ರೆ ಮಾತ್ರ ಇತ್ತು. ಶಾಲೆ ಕಲಿತವಳು ಇವಳೊಬ್ಬಳೇ ಆದ್ದರಿಂದ ಲೈನಿನ ಅರ್ಜಿಗಳನ್ನೆಲ್ಲ ಇವಳೇ ಬರೆದಿದ್ದಳು.

ಹಿನ್ನೆಲೆಗೆ ನೀಲಿ ಬಟ್ಟೆ ತಂದಿದ್ದೆ. ಒಂದು ತುದಿಯನ್ನು ಸಿಲ್ವರ್ ಓಕ್ ಮರಕ್ಕೆ ಕಟ್ಟಿದೆ, ಇನ್ನೊಂದಕ್ಕೆ ಆಧಾರವಿರಲಿಲ್ಲ.

"ನಾನು ಹಿಡ್ಕೊಳ್ತೀನಿ" ಎಂದು ಅವಳು ಬಟ್ಟೆಯ ಹಿಂದೆ ಹೋಗಿ ನಿಂತಳು. ಅಲ್ಲಿಂದ ಮುಂದೆ ಆ ಇಡೀ ಬೆಳಿಗ್ಗೆ ನನಗೆ ಅವಳಲ್ಲಿ ಕಂಡದ್ದು ಬಟ್ಟೆಯ ಅಂಚಿನ ನಾಲ್ಕು ಬೆರಳು, ಕೆಳಗೆ ಗೆಜ್ಜೆ ಹಾಕಿದ ಪಾದ. ಒಮ್ಮೊಮ್ಮೆ ಗಾಳಿಗೆ ಬಟ್ಟೆ ಹೊರಳಿದಾಗ ಒಂದು ಕಣ್ಣು.

"ಕೈ ನೋಯ್ತಿದ್ಯಾ?" ಎಂದು ಬಟ್ಟೆಯನ್ನು ಕೇಳಿದೆ.

"ಇಲ್ಲಪ್ಪ. ನೀವು ಅವರನ್ನ ನೋಡಿ ಫೋಟೋ ತೆಗೀರಿ. ಬಟ್ಟೆ ನೋಡ್ಕೊಂಡು ಅಲ್ಲ" ಎಂದಿತು ಬಟ್ಟೆ.

ಅಂಜನಮ್ಮಜ್ಜಿಯ ಸರದಿ ಬಂತು. ಫೋಟೋ ಅದಲುಬದಲಾಗದಿರಲೆಂದು ನಾನು ಎಲ್ಲರ ವಿವರ ಬರೆದುಕೊಳ್ಳುತ್ತಿದ್ದೆ.

"ಗಂಡನ ಹೆಸರು ಎಂತಜ್ಜಿ?"

ಅಜ್ಜಿ ತುಟಿ ಬಿಗಿದಳು. ಮತ್ತೆ ಕೇಳಿದೆ. ಅಜ್ಜಿ ಬಗ್ಗಿ, ಬಟ್ಟೆಯಡಿ ಕೈ ತೂರಿಸಿ, ತಡಕಿ ತಡಕಿ ಮೊಮ್ಮಗಳ ಗೆಜ್ಜೆ ಹಿಡಿದು ನನಗೆ ತೋರಿಸಿದಳು.

"ಗೆಜ್ಜೆ?" ಎಂದೆ, ಪೆದ್ದನ ಹಾಗೆ.

ನೀಲಿ ಬಟ್ಟೆ ಕುಲುಕಿ ಕುಲುಕಿ ನಕ್ಕಿತು. "ಬೆಳ್ಳಿಯಪ್ಪ ಅಂತ ಬರ್ಕೊಳ್ಳಿ ಮಾರಾಯ್ರೆ! ಗೆಜ್ಜೆ ಬೆಳ್ಳಿದು. ತಾತ ಹೋಗಿ ಎಷ್ಟು ವರ್ಷ ಆಯ್ತೋ, ಅಜ್ಜಿ ಇವತ್ತಿಗೂ ಹೆಸರು ಹೇಳಲ್ಲ. ಎಲ್ಲಾ ಆಫೀಸಲ್ಲೂ ನಾನೇ ಹೇಳಬೇಕು."

"ಕಟ್ಕೊಂಡೋನ ಹೆಸರು ಬಾಯಿಬಿಟ್ಟು ಹೇಳ್ತಾರೇನೇ?" ಅಜ್ಜಿ ಗದರಿದಳು. "ಅವನು ಮನಸ್ಸಿಗೆ ಬಂದ ದಿನದಿಂದ ಹೆಸರು ಒಳಗೇ ಇರಬೇಕು."

"ನೀವೂ ಹಂಗೇನಾ ಮುಂದೆ?" ಎಂದು ಬಟ್ಟೆಯತ್ತ ಕೇಳಿದೆ. ಸಲುಗೆ ಹೆಚ್ಚಾಯಿತೇನೋ ಎಂದು ಹೆದರಿಕೆಯೂ ಆಯಿತು.

"ನಾನಾ? ಎಂತಕ್ಕೆ? ಹೆಸರಿರೋದೇ ಕರೆಯೋಕೆ. ಬೀದಿಯಲ್ಲೇ ಕೂಗ್ತೀನಿ."

ಕೂಗಿದಳು ಕೂಡ. ಮುಂದಿನ ದಿನಗಳಲ್ಲಿ ಅರ್ಜಿ ಕೆಲಸಕ್ಕೆಂದು ಕಳಸಕ್ಕೆ ಬಂದಾಗೆಲ್ಲ ಬಸ್ಸಿನ ಕಿಟಕಿಯಿಂದಲೇ, "ಧರ್ಮೇಶ್! ಫೋಟೋ ರೆಡಿನಾ?" ಎನ್ನುತ್ತಿದ್ದಳು. ಬಸ್ ಸ್ಟ್ಯಾಂಡಿಗೆ ಬಸ್ ಸ್ಟ್ಯಾಂಡೇ ತಿರುಗಿ ನೋಡುತ್ತಿತ್ತು. ನನ್ನ ಹೆಸರು ಇಷ್ಟು ಚಂದ ಇದೆಯೆಂದು ನನಗೆ ಯಾರೂ ಹೇಳಿರಲಿಲ್ಲ.

*

ಪ್ರಿಂಟ್‌ಗಳನ್ನು ಸ್ಟ್ಯಾಂಪ್ ಸೈಜಿಗೆ ಬ್ಲೇಡಿನಲ್ಲಿ ಕೊಯ್ಯುವಾಗ ಒಂದು ಸಂಗತಿ ಕಣ್ಣಿಗೆ ಬಿತ್ತು. ಪ್ರತಿ ಫೋಟೋದ ಬಲ ಅಂಚಿನಲ್ಲೂ ಅವಳ ಬೆರಳುಗಳು. ಒಂದರಲ್ಲಿ ಬಟ್ಟೆಯನ್ನು ಬಿಗಿಯಾಗಿ ಹಿಡಿದಿವೆ, ಇನ್ನೊಂದರಲ್ಲಿ ಸುಸ್ತಾಗಿ ಸಡಿಲಾಗಿವೆ, ಅಜ್ಜಿಯ ಫೋಟೋದಲ್ಲಿ ನಗುವಿಗೆ ಅಲುಗಿ ಮಸುಕಾಗಿವೆ. ಕಾರ್ಡಿಗೆ ಬೇಕಾದದ್ದು ಮುಖ. ಬೆರಳುಗಳನ್ನು ಕೊಯ್ದು ತೆಗೆಯಲೇಬೇಕು. ಕೊಯ್ದೆ. ಬಿಸಾಡಲು ಮಾತ್ರ ಕೈ ಬರಲಿಲ್ಲ. ಒಂದು ಖಾಲಿ ಬಿಸ್ಕತ್ ಡಬ್ಬದಲ್ಲಿ ಹಾಕಿಟ್ಟೆ.

ಫೋಟೋ ಒಯ್ಯಲು ಬಂದ ದಿನ ಅವಳು ಕುಳಿತಿದ್ದ ಬೆಂಚಿನ ಪಕ್ಕದಲ್ಲೇ ಆ ಡಬ್ಬ ಇತ್ತು. ಹಸಿವಾಗಿತ್ತೋ ಏನೋ, ತೆಗೆದಳು.

"ಇದೇನು?"

"ಅದು... ವೇಸ್ಟ್."

"ವೇಸ್ಟನ್ನ ಯಾರಾದ್ರೂ ಡಬ್ಬದಲ್ಲಿ ಇಡ್ತಾರಾ?"

ಅವಳು ಒಂದೊಂದೇ ಚೂರನ್ನು ಬೆಳಕಿಗೆ ಹಿಡಿದು ನೋಡಿದಳು. ತನ್ನ ಬೆರಳನ್ನೊಮ್ಮೆ ನೋಡಿಕೊಂಡಳು. ನನ್ನನ್ನು ನೋಡಲಿಲ್ಲ. ಡಬ್ಬದ ಮುಚ್ಚಳ ಹಾಕಿ, ಇದ್ದ ಜಾಗದಲ್ಲೇ ಇಟ್ಟು, ಫೋಟೋಗಳನ್ನು ತೆಗೆದುಕೊಂಡು ಎದ್ದು ಹೋದಳು.

ಅಂದಿನಿಂದ ಅವಳು ನನ್ನ ಹೆಸರು ಕರೆಯುವುದನ್ನು ನಿಲ್ಲಿಸಿದಳು.

ಬಸ್ಸು ಬರುತ್ತಿತ್ತು, ಕಿಟಕಿಯಲ್ಲಿ ಅವಳೂ ಇರುತ್ತಿದ್ದಳು, ಕೂಗು ಬರುತ್ತಿರಲಿಲ್ಲ. ಮಾತಾಡುವಾಗ "ಇಲ್ಲಿ ಕೇಳಿ" ಎನ್ನುವಳು, ಇಲ್ಲವೇ ಗೋಡೆಗೆ ಹೇಳುವಳು. ಒಮ್ಮೆ ನನ್ನೆದುರೇ ಟೈಲರ್ ಹತ್ತಿರ "ಸ್ಟುಡಿಯೋದವರಿಗೆ ಹೇಳಿಬಿಡಿ" ಎಂದಳು. ನಾನು ಕುಗ್ಗಿಹೋದೆ. ಕದ್ದು ಬೆರಳು ಕೂಡಿಟ್ಟ ಗಂಡಸನ್ನು ಯಾವ ಹುಡುಗಿ ನಂಬುತ್ತಾಳೆ? ಕೆಲಸ ಮುಗಿದ ಮೇಲೆ ಈ ಕಡೆ ತಲೆಯೂ ಹಾಕುವುದಿಲ್ಲ ಎಂದುಕೊಂಡು, ಹೂವಿನ ಪರಿಮಳ ಬಂದರೂ ಕಿಟಕಿ ಹಾಕಿಕೊಂಡು ಕೂರುತ್ತಿದ್ದೆ.

ಲೈನಿನ ಬಹುತೇಕರ ಅರ್ಜಿ ಪಾಸಾಯಿತು. ಅಜ್ಜಿಯದು ಉಳಿಯಿತು. ಹೊರಗಿಂದ ಬಂದ ಪ್ರತಿ ಮನೆಗೂ ಕಾರ್ಡ್ ಇರುವ ಇಬ್ಬರು ಸಾಕ್ಷಿ ಬೇಕು. ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಗುರುವಯ್ಯ ಒಬ್ಬರಾದರು. ಎರಡನೆಯವರಾಗಲು ಒಪ್ಪಿದ್ದ ಮೇಸ್ತ್ರಿ ಕಡೇ ದಿನ ಮಗಳ ಹೆರಿಗೆಗೆಂದು ಬಣಕಲ್‌ಗೆ ಹೋಗಿಬಿಟ್ಟರು. ಆ ಬೆಳಿಗ್ಗೆ ರಂಜಿತಾ ಅಜ್ಜಿಯ ಕೈ ಹಿಡಿದುಕೊಂಡು ನನ್ನ ಬಾಗಿಲಲ್ಲಿ ನಿಂತಳು.

"ಇಲ್ಲಿ ಕೇಳಿ. ನಿಮ್ಮ ಕಾರ್ಡ್ ತಗೊಂಡು ನಮ್ಮ ಜೊತೆ ಬರ್ತೀರಾ?"

ನಾನು ಸ್ಟುಡಿಯೋಗೆ ಬೀಗ ಹಾಕುವುದನ್ನೂ ಮರೆತೆ.

*

ನಾಡಕಚೇರಿಯಲ್ಲಿ ಶಾಂತವೀರಪ್ಪನವರೆಂಬ ಗುಮಾಸ್ತರು. ಕೆಟ್ಟವರಲ್ಲ, ಆದರೆ ಬಿಸಿ ಹಾಲಿಗೆ ಬಾಯಿ ಸುಟ್ಟುಕೊಂಡು ಮಜ್ಜಿಗೆಯನ್ನೂ ಊದಿ ಕುಡಿಯುವ ಜಾತಿ. ಬ್ರೋಕರ್‌ಗಳು ದಾರಿಹೋಕರನ್ನೆಲ್ಲ ಸಾಕ್ಷಿಯೆಂದು ತಂದು ನಿಲ್ಲಿಸಿದ್ದರಿಂದ, ಸಾಕ್ಷಿಯ ಹೆಸರನ್ನು ಅರ್ಜಿದಾರರ ಬಾಯಲ್ಲೇ ಕೇಳಿ ಬರೆಯುವುದು ಅವರ ಪದ್ಧತಿಯಾಗಿತ್ತು.

"ಮೊದಲನೇ ಸಾಕ್ಷಿ?"

"ಗುರುವಯ್ಯ ಅಂತ ಸರ್. ಎಸ್ಟೇಟ್ ರೈಟರ್" ಎಂದಳು ರಂಜಿತಾ, ಪಟ್ಟನೆ.

"ಎರಡನೆಯವರು? ಇವರ ಹೆಸರೇನಮ್ಮ?"

ಅವಳು ಅಜ್ಜಿಯ ಕಡೆ ನೋಡಿದಳು.

"ಹೆಸರು ಹೇಳಮ್ಮ."

ಅವಳು ತಲೆ ತಗ್ಗಿಸಿದಳು. ಕಿವಿ ಕೆಂಪಾಗಿತ್ತು. ನನ್ನ ಹೆಸರನ್ನು ಬಸ್ಸಿನ ಕಿಟಕಿಯಿಂದ ಊರಿಗೆಲ್ಲ ಸಾರಿದವಳು ಈಗ ವೇಲಿನ ತುದಿಯನ್ನು ಬೆರಳಿಗೆ ಸುತ್ತುತ್ತ ನಿಂತಿದ್ದಳು. ಅದೇ ಬೆರಳು.

ಶಾಂತವೀರಪ್ಪ ಪೆನ್ನು ಕೆಳಗಿಟ್ಟರು. "ಹೆಸರೇ ಗೊತ್ತಿಲ್ಲದ ಸಾಕ್ಷಿನಾ? ನನಗೆ ಇಂಥದ್ದೇ ಬೇಡ ಅನ್ನೋದು. ಅರ್ಜಿ ತಗೊಂಡು ಹೋಗಿ. ಮುಂದಿನವರು ಬನ್ನಿ."

ಹೇಳು ಮಾರಾಯ್ತಿ, ಅಜ್ಜಿಯ ಕಣ್ಣು ಹೋಗುತ್ತದೆ ಎಂದು ಅವಳತ್ತ ನೋಡಿದೆ. ಅವಳೂ ನನ್ನನ್ನು ನೋಡಿದಳು. ತುಟಿ ತೆರೆದಳು, ಆಗಲಿಲ್ಲ. ಕಣ್ಣಲ್ಲಿ ನೀರು ಬಂತು. ಆ ನೋಟ ಕಂಡ ಮೇಲೆಯೇ ನನಗೆ ಅರ್ಥವಾದದ್ದು. ಇಷ್ಟು ದಿನ ಸಿಟ್ಟೆಂದು ಕಿಟಕಿ ಹಾಕಿಕೊಂಡು ಕೂತಿದ್ದೆನಲ್ಲ, ನನ್ನಂಥ ದಡ್ಡ ಆ ಹೋಬಳಿಯಲ್ಲೇ ಇನ್ನೊಬ್ಬನಿರಲಿಲ್ಲ.

ಅಷ್ಟರಲ್ಲಿ ಪಕ್ಕದಲ್ಲಿ ಅಂಜನಮ್ಮಜ್ಜಿ ನಗತೊಡಗಿದಳು.

"ಅಯ್ಯೋ ನಿನ್ನ! ನನ್ನದಾದ್ರೆ ಬೆಳ್ಳಿ, ಮುಟ್ಟಿ ತೋರಿಸ್ತಿದ್ದೆ. ಧರ್ಮವನ್ನ ಇವಳು ಎಲ್ಲಿಂದ ತಂದು ತೋರಿಸ್ತಾಳೆ?" ಅಜ್ಜಿ ಮೇಜಿನ ಅಂಚು ತಡಕಿ ಹಿಡಿದಳು. "ಬರ್ಕೊಳ್ಳಿ ಸ್ವಾಮಿ. ಧರ್ಮೇಶ. ಬಸ್ ಸ್ಟ್ಯಾಂಡ್ ಎದುರು ಫೋಟೋ ಅಂಗಡಿ. ಇಷ್ಟು ದಿನ ನನ್ನ ಬದಲು ಅವಳು ಹೇಳ್ತಿದ್ಲು, ಇವತ್ತು ಅವಳ ಬದಲು ನಾನು ಹೇಳ್ತೀನಿ."

ಸಾಲಿನಲ್ಲಿ ನಿಂತ ಹೆಂಗಸರೆಲ್ಲ ಗೊಳ್ಳೆಂದರು. ಶಾಂತವೀರಪ್ಪನವರು ಕನ್ನಡಕದ ಮೇಲಿನಿಂದ ಅವಳನ್ನು ನೋಡಿ, ನನ್ನನ್ನು ನೋಡಿ, ಮೆಲ್ಲಗೆ ಪೆನ್ನು ಎತ್ತಿಕೊಂಡರು. ಅವರ ಹೆಂಡತಿಯೂ ಗಂಡನ ಹೆಸರು ಹೇಳುವವರಲ್ಲವೇನೋ.

"ಅರ್ಜಿದಾರರಿಗೂ ನಿಮಗೂ ಸಂಬಂಧ?" ಎಂದು ನನ್ನನ್ನೇ ಕೇಳಿದರು.

"ಮೊಮ್ಮಗಳನ್ನ ಮದುವೆ ಆಗೋನು ಸರ್. ಅವರು ಒಪ್ಪಿದ್ರೆ."

"ಅದಕ್ಕೆ ಕಾಲಂ ಇಲ್ಲ ಮಾರಾಯ. ಪರಿಚಯಸ್ಥರು ಅಂತ ಹಾಕ್ತೀನಿ" ಎಂದು ಸೀಲು ಒತ್ತಿದರು.

ಹೊರಗೆ ಮೆಟ್ಟಿಲ ಹತ್ತಿರ ಅವಳು ಇನ್ನೂ ತಲೆ ತಗ್ಗಿಸಿಯೇ ಇದ್ದಳು. "ಒಪ್ಪಿಗೆನಾ?" ಎಂದು ಕೇಳಿದೆ.

"ಬೀದಿಯಲ್ಲಿ ಕೂಗೋ ಹೆಸರನ್ನ ಸುಮ್ನೆ ಬಿಟ್ಟೆ ಅಂದ್ಕೊಂಡ್ರಾ?" ಎಂದಳು. ಆಮೇಲೆ ಇನ್ನೂ ಮೆಲ್ಲಗೆ, "ಅಜ್ಜಿಗೆ ಕಣ್ಣು ಬರ್ಲಿ. ಕಣ್ಣಾರೆ ನೋಡಿ ಹೂಂ ಅನ್ಲಿ."

*

ಕಾರ್ಡ್ ಬಂತು. ಅದರಲ್ಲಿ ಅಜ್ಜಿ ಮಚ್ಚೆಯ ಸಮೇತ ಗಂಭೀರವಾಗಿ ಕೂತಿದ್ದಳು. ಮೂಡಿಗೆರೆಯ ಕಣ್ಣಿನ ಕ್ಯಾಂಪಿನಲ್ಲಿ ಆಪರೇಷನ್ ಆಯಿತು. ಪಟ್ಟಿ ಬಿಚ್ಚುವ ದಿನ ನಾನು ಕ್ರಾಪ್ ಬಾಚಿ, ಇಸ್ತ್ರಿ ಶರಟು ಹಾಕಿ, ಮಂಚದ ಪಕ್ಕ ಪರೀಕ್ಷೆಗೆ ಬಂದವನಂತೆ ನಿಂತಿದ್ದೆ.

ಅಜ್ಜಿ ಮೊದಲು ಮೊಮ್ಮಗಳ ಮುಖವನ್ನು ಎರಡು ಕೈಯಲ್ಲಿ ಹಿಡಿದು ಎಷ್ಟೋ ಹೊತ್ತು ನೋಡಿದಳು. ಇಬ್ಬರೂ ಅತ್ತರು. ಆಮೇಲೆ ನನ್ನತ್ತ ತಿರುಗಿದಳು.

"ಸ್ವಲ್ಪ ಕಪ್ಪೇ ಇದ್ದಾನೆ ಕಣೇ."

"ಹೂಂ ಅಜ್ಜಿ."

"ಮೂಗೂ ಒಂಚೂರು ಸೊಟ್ಟ."

"ಹೂಂ."

ಅಜ್ಜಿ ನನ್ನ ಕೈ ಹಿಡಿದು ಹತ್ತಿರ ಎಳೆದುಕೊಂಡಳು. "ಮದುವೆ ಫೋಟೋದಲ್ಲಿ ಏನೂ ತಿದ್ದೋಕೆ ಹೋಗಬೇಡ ಮಗ. ನೋಡಿದವರಿಗೆ ಇವನೇ ನಮ್ಮ ಹುಡುಗ ಅಂತ ಗೊತ್ತಾಗಬೇಕು."

ಮಂಚದ ಆಚೆ ಬದಿ ನಿಂತವಳು ಕಣ್ಣೊರೆಸಿಕೊಂಡು ನಕ್ಕಳು.

"ಇಲ್ಲಿ ಕೇಳಿ" ಎಂದಳು. "ಅಜ್ಜಿ ಹೇಳಿದ್ದು ಕೇಳಿಸ್ತಾ?"

ಕೇಳಿಸಿತ್ತು.