ಕೆಂಪು ತೇಪೆಯ ಚಪ್ಪಲಿ

ಪುಸ್ತಕದ ಬೆಲೆ ಹದಿನಾಲ್ಕು ಯೂರೊ. ಜರ್ಮನಿಯಲ್ಲಿರುವ ಅಪ್ಪನ ಅಂಗಡಿಯಲ್ಲಾದರೆ ಅಷ್ಟಕ್ಕೆ ಏಳು ಕೋನ್ ಐಸ್‌ಕ್ರೀಮ್ ಬರುತ್ತಿತ್ತು. ಓರ್ನೆಲ್ಲಾಗೆ ಮಾತ್ರ ಅದು ಬಿಟ್ಟಿ ಸಿಕ್ಕಿತ್ತು. ಬರೆದವರು ಅವಳ ಸ್ವಂತ ಅತ್ತೆಯಲ್ಲವೇ!

ಲುಚಿಲ್ಲಾ ಅತ್ತೆ ಅಪ್ಪನ ಅಕ್ಕ. ಕತೆ ಬರೆಯುವವರೂ ಅವರೇ, ಚಿತ್ರ ಬಿಡಿಸುವವರೂ ಅವರೇ. ಇವತ್ತು ಓರ್ನೆಲ್ಲಾಳ ಐದನೇ ಕ್ಲಾಸಿಗೆ ಬಂದು ಹೊಸ ಪುಸ್ತಕ ಓದುತ್ತಿದ್ದರು.

ಪುಟ ತಿರುಗಿಸಿ ಚಿತ್ರ ತೋರಿಸಿದರು. ಒಂದು ಒಲೆ. ಪಕ್ಕದಲ್ಲಿ ಉಣ್ಣೆ ಚಪ್ಪಲಿ. ಎಡಗಾಲಿನದಕ್ಕೆ ಕೆಂಪು ತೇಪೆ.

ಓರ್ನೆಲ್ಲಾ ಕತ್ತು ಚಾಚಿ ನೋಡಿದಳು. ಆ ತೇಪೆ ಹೊಲಿದಿದ್ದು ಅವಳೇ.

ಇಟಲಿಯ ಅವರ ಬೆಟ್ಟದೂರಿನಲ್ಲಿ ಮುಕ್ಕಾಲು ಮನೆಯವರು ಐಸ್‌ಕ್ರೀಮ್‌ನವರು. ಮಾರ್ಚ್‌ನಲ್ಲಿ ಜರ್ಮನಿಗೆ ಹೋಗಿ ಅಂಗಡಿ ತೆರೆಯುತ್ತಾರೆ. ಚಳಿ ಬಿದ್ದೊಡನೆ ಬಾಗಿಲು ಹಾಕಿ ಊರಿಗೆ ಬರುತ್ತಾರೆ. ಈ ಸಲ ಎಲ್ಲರ ಅಪ್ಪಂದಿರೂ ಬಂದರು, ಅವಳ ಅಪ್ಪ ಎಲ್ವಿಯೊ ಬರಲಿಲ್ಲ.

"ನಮ್ಮಪ್ಪನ ಅಂಗಡಿ ಚಳಿಗಾಲದಲ್ಲೂ ನಡೆಯುತ್ತೆ" ಎಂದು ಅವಳು ಕ್ಲಾಸಿನಲ್ಲಿ ಹೇಳಿಕೊಂಡಿದ್ದಳು. ಮನೆಯಲ್ಲಿ ಮಾತ್ರ, ಅಪ್ಪ ಬಂದರೆ ಕಾಲು ಬೆಚ್ಚಗಿರಲಿ ಎಂದು ದಿನಾ ಮಲಗುವ ಮುಂಚೆ ಅವನ ಚಪ್ಪಲಿಯನ್ನು ಒಲೆ ಪಕ್ಕ ಇಡುತ್ತಿದ್ದಳು. ಅಮ್ಮ ಏಳುವಷ್ಟರಲ್ಲಿ ಬಚ್ಚಿಡುತ್ತಿದ್ದಳು. ಇದನ್ನೂ, ಅಪ್ಪ ಯಾಕೆ ಬರಲಿಲ್ಲ ಎಂದು ತನಗೆ ಗೊತ್ತಿರುವುದನ್ನೂ ಒಬ್ಬರಿಗೆ ಮಾತ್ರ ಹೇಳಿದ್ದಳು. ಅತ್ತೆಗೆ.

ಅತ್ತೆ ಓದಿದರು: "ಅಪ್ಪನಿಗೆ ಅಲ್ಲೇ ಇನ್ನೊಂದು ಸಂಸಾರವಿದೆ, ಇನ್ನು ಬರುವುದಿಲ್ಲ ಎಂದು ಹುಡುಗಿಗೆ ಗೊತ್ತಿತ್ತು. ಆದರೂ ಚಪ್ಪಲಿ ಇಟ್ಟಳು."

"ಏ, ಅದು ಎಲ್ವಿಯೊ ಅಂಕಲ್ ಚಪ್ಪಲಿ ಕಣ್ರೋ!" ಹಿಂದಿನ ಬೆಂಚಿನ ತುಲ್ಲಿಯೊ ಕೂಗಿದ. "ಹೋದ ಚಳಿಗಾಲದಲ್ಲಿ ಅದನ್ನೇ ಹಾಕ್ಕೊಂಡು ನಮ್ಮನೆಗೆ ಇಸ್ಪೀಟು ಆಡೋಕೆ ಬರ್ತಿದ್ರು! ಲೇ ಓರ್ನೆಲ್ಲಾ, ಚಳಿಗಾಲದಲ್ಲಿ ನಿಮ್ಮಪ್ಪನ ಐಸ್‌ಕ್ರೀಮ್ ಯಾರೇ ತಿನ್ನೋದು? ಹಿಮದ ಗೊಂಬೆಗಳಾ?"

ಕ್ಲಾಸು ಗೊಳ್ಳೆಂದಿತು.

ಕ್ಲಾಸು ಬಿಟ್ಟ ಮೇಲೆ ಗೇಟಿನ ಹತ್ತಿರ ಅತ್ತೆ ಅವಳ ಹಿಂದೆ ಓಡಿಬಂದರು.

"ಯಾರಿಗೂ ಹೇಳಲ್ಲ ಅಂದಿದ್ರಲ್ಲ ಅತ್ತೆ!"

"ನಿನ್ನ ಹೆಸರು ಎಲ್ಲೂ ಬರೆದಿಲ್ಲ ಪುಟ್ಟಿ..."

"ತೇಪೆ ಬರೆದಿದ್ದೀರಲ್ಲ!"

ಅತ್ತೆ ಕೈಯಲ್ಲಿದ್ದ ಪುಸ್ತಕವನ್ನು ಚೀಲಕ್ಕೆ ತುರುಕಿದರು. ಆಮೇಲೆ, "ಅವನು ನನ್ನ ತಮ್ಮ ಕಣೇ. ನಂಗೂ ಸಂಕಟ ಆಗುತ್ತೆ. ಬರೆಯೋದು ಬಿಟ್ಟು ನಂಗೆ ಇನ್ನೇನು ಬರುತ್ತೆ ಹೇಳು?" ಎಂದರು. ಅವರ ಕಣ್ಣು ನಿಜವಾಗಿಯೂ ತುಂಬಿತ್ತು.

ಸಂಜೆಯೊಳಗೆ ಅಮ್ಮನಿಗೂ ಸುದ್ದಿ ಮುಟ್ಟಿತ್ತು. ಅವಳು ಚಪ್ಪಲಿ ಕೇಳಿ ಈಸಿಕೊಂಡು ಕಪಾಟಿನ ಮೇಲಿಟ್ಟಳು. ಒಂದು ಮಾತೂ ಬಯ್ಯಲಿಲ್ಲ. ಬಯ್ದಿದ್ದರೇ ಚೆನ್ನಾಗಿತ್ತು.

ಭಾನುವಾರ ಎಂದಿನಂತೆ ಅತ್ತೆ ಊಟಕ್ಕೆ ಬಂದರು. ಎಂದಿನಂತೆ ತಟ್ಟೆಯ ಪಕ್ಕ ಪೆನ್ಸಿಲ್ ಇಟ್ಟುಕೊಂಡರು. ಅಮ್ಮ ಮೆಕ್ಕೆಜೋಳದ ಹಿಟ್ಟು ತೊಳಸಿದ ಬಿಸಿ ಪೊಲೆಂಟಾ ಬಡಿಸಿದಳು.

"ಯಾಕೆ ಮಂಕಾಗಿದೀಯ? ಏನು ಯೋಚನೆ ಮಾಡ್ತಿದೀಯ, ಹೇಳು ಪುಟ್ಟಿ" ಎಂದರು ಅತ್ತೆ.

ಓರ್ನೆಲ್ಲಾ ಆ ಪೆನ್ಸಿಲನ್ನೇ ನೋಡಿದಳು.

"ಏನಿಲ್ಲ ಅತ್ತೆ. ಪೊಲೆಂಟಾಗೆ ಉಪ್ಪು ಕಮ್ಮಿ."

ಅತ್ತೆಗೆ ಒಂದು ಒಳ್ಳೆಯ ಪುಸ್ತಕ ಸಿಕ್ಕಿತ್ತು. ಓರ್ನೆಲ್ಲಾಗೆ ಮನಸ್ಸಿನ ಮಾತು ಹೇಳಿಕೊಳ್ಳಲು ಇದ್ದ ಒಬ್ಬರೇ ಒಬ್ಬರು ಇಲ್ಲದಂತಾಗಿತ್ತು.