ನಲವತ್ತನಾಲ್ಕನೇ ಕೇಸ್

ಆ್ಯಪಿನಲ್ಲಿ ಅರ್ಪಣಾಳ ಹೆಸರಿನ ಮುಂದೆ ಇನ್ನೂ ಸೊನ್ನೆಯೇ ಇತ್ತು.

ಕೊಪ್ಪದ ಆಸ್ಪತ್ರೆಗೆ ತರಬೇತಿಗೆ ಬಂದ ಡಾಕ್ಟರುಗಳು ತಾವು ನೋಡಿದ ನಲವತ್ತು ಕೇಸುಗಳನ್ನು ಶನಿವಾರದೊಳಗೆ ಅದರಲ್ಲಿ ಏರಿಸಬೇಕು. ಇಲ್ಲದಿದ್ದರೆ ಮೂರು ತಿಂಗಳ ಪೋಸ್ಟಿಂಗ್ ಮತ್ತೆ ಮೊದಲಿನಿಂದ. ಅವಳು ನಲವತ್ತಮೂರು ನೋಡಿದ್ದಳು. ಎಲ್ಲವೂ ಡೈರಿಯಲ್ಲಿದ್ದವು. ಆದರೆ ಒಂದೊಂದಕ್ಕೂ ಸೀನಿಯರ್ ಶಿಶಿರನ ಎದುರು ನಿಂತು ಒಪ್ಪಿಗೆ ಕೇಳಬೇಕಲ್ಲ, ಅವನ ಕೋಣೆಯ ಬಾಗಿಲವರೆಗೆ ಹೋಗಿ ವಾಪಸ್ಸು ಬಂದುಬಿಡುತ್ತಿದ್ದಳು.

ಅವಳು ಸೋಮಾರಿಯೆಂದೇ ಶಿಶಿರ ತಿಳಿದಿದ್ದ. ಶುಕ್ರವಾರ ಪಕ್ಕದ ನಾರ್ವೆ ಹಳ್ಳಿಗೆ, ಬಸುರಿಯರ ತಪಾಸಣೆಯ ಕ್ಯಾಂಪಿಗೆ ಹೋಗುವಾಗ ಜೀಪಿನಲ್ಲಿ ಹೇಳಿಯೂಬಿಟ್ಟ.

"ನಾನು ಇಷ್ಟೆಲ್ಲ ಪಾಠದ ವಿಡಿಯೋ ಮಾಡಿ ಹಾಕಿದ್ದು ಎಂತಕ್ಕೆ? ನೀವು ಒಂದಾದ್ರೂ ನೋಡಿದ್ರಾ?"

ಅವಳು ಒಂದೊಂದನ್ನೂ ಹನ್ನೊಂದು ಸಲ ನೋಡಿದ್ದಳು. ಡೈರಿಯನ್ನು ಎದೆಗವಚಿಕೊಂಡು ಜೀಪಿನಾಚೆ ನೋಡಿದಳು.

ಕ್ಯಾಂಪಿನಲ್ಲಿ ಎಂಟು ತಿಂಗಳ ಬಸುರಿ ಕಾವ್ಯ ಮಲಗಿದ್ದಳು. ಶಿಶಿರ ಅವಳ ಹೊಟ್ಟೆಗೆ ಬಡಿತ ಕೇಳಿಸುವ ಡಾಪ್ಲರ್ ಮೆಷಿನ್ ಹಿಡಿದ. ತೊಂಬತ್ತಾರು. ಮಗುವಿನ ಎದೆಬಡಿತ ಇಷ್ಟು ಇಳಿಯಬಾರದು. ಅವನ ಮುಖ ಬಿಳಿಚಿತು. ಕೂಡಲೇ ಶಿವಮೊಗ್ಗಕ್ಕೆ ಕರೆದೊಯ್ಯಬೇಕೆಂದು ಗಾಡಿಗೆ ಹೇಳಿಕಳಿಸಿದ. ಕಾವ್ಯ ಅಳತೊಡಗಿದಳು.

ಅರ್ಪಣಾ ಮೆಲ್ಲಗೆ ಕಾವ್ಯಳ ಮಣಿಕಟ್ಟು ಹಿಡಿದಳು. ಮೆಷಿನ್ನಿನ ಬಡಿತ, ಬೆರಳಿನ ಬಡಿತ, ಎರಡೂ ಒಂದೇ.

"ಸರ್, ಇದು ತಾಯಿದು."

ಮೂರು ತಿಂಗಳಲ್ಲಿ ಅವನು ಕೇಳಿದ ಅವಳ ಮೊದಲ ಪೂರ್ತಿ ಮಾತು ಅದು.

ಆಸ್ಪತ್ರೆಯ ಹಿರಿಯ ಡಾಕ್ಟರ್ ವೀರಪ್ಪ ಸರ್ ಕೊಟ್ಟಿದ್ದ, ಮಗುವಿನ ಬಡಿತ ಆಲಿಸುವ ಮರದ ಕೊಳವೆಯನ್ನು ಹೊಟ್ಟೆಯ ಮೇಲಿಟ್ಟು ಕಿವಿ ಆನಿಸಿದಳು. ಸ್ವಲ್ಪ ಎಡಕ್ಕೆ, ಕೆಳಗೆ. ಪೂರ್ತಿ ಒಂದು ನಿಮಿಷ ಎಣಿಸಿದಳು. ನೂರ ನಲವತ್ತೆರಡು. ಮೆಷಿನ್ ಅಲ್ಲಿಗೇ ಸರಿಸಿದಾಗ ಕುದುರೆ ಓಡಿದಂಥ ಸದ್ದು ಕೋಣೆ ತುಂಬಿತು. ಕಾವ್ಯ ಅಳುತ್ತಲೇ ನಕ್ಕಳು.

ಎಲ್ಲಿ ಹುಡುಕಬೇಕೆಂದು ಯಾರು ಕಲಿಸಿದರು ಎಂದು ಶಿಶಿರ ಕೇಳಿದ.

"ನಿಮ್ಮ ವಿಡಿಯೋ. ಮೆಷಿನ್ ಮೇಲೆ ಯಾವಾಗ ಅನುಮಾನಪಡಬೇಕು ಅಂತ ಕಲಿಸಿದ್ದು ವೀರಪ್ಪ ಸರ್."

ವಿಷಯ ಕೇಳಿದ ವೀರಪ್ಪ ಸರ್, ಮುಂದಿನ ಪಾಠದ ವಿಡಿಯೋದಲ್ಲಿ ಈ ಹುಡುಗಿಯ ದನಿಯೇ ಇರಲಿ ಎಂದು ಎಲ್ಲರೆದುರು ಹೇಳಿದರು. ಅಲ್ಲಿಯವರೆಗೆ ವಿಡಿಯೋ ಎಂದರೆ ಮೂಗು ಮುರಿಯುತ್ತಿದ್ದವರು ಅವರು. ಅರ್ಪಣಾ ಆವತ್ತು ತಲೆ ತಗ್ಗಿಸಲಿಲ್ಲ.

ಸಂಜೆ ಶಿಶಿರ ಜಗಲಿಯಲ್ಲಿ ಕೂತು ಡೈರಿಯ ಕೇಸುಗಳನ್ನು ತಾನೇ ಏರಿಸಿದ. ಅವಳು ಟೀ ತರಲು ಹೋದವಳು ಅರ್ಧ ದಾರಿಯಲ್ಲಿ ಏನೋ ನೆನಪಾಗಿ ಓಡಿಬಂದಳು. ಅಷ್ಟರಲ್ಲಿ ಅವನು ಕೊನೆಯ ಪುಟ ತಿರುವಿ ಗಟ್ಟಿಯಾಗಿ ಓದುತ್ತಿದ್ದ.

"ಕೇಸ್ ನಲವತ್ತನಾಲ್ಕು. ಗಂಡು, ಇಪ್ಪತ್ತೆಂಟು. ಯಾರೂ ಇಲ್ಲದಾಗ ಶಿಳ್ಳೆ ಹಾಕುತ್ತಾನೆ. ನಕ್ಕರೆ ಎಡಗೆನ್ನೆಯಲ್ಲಿ ಗುಳಿ. ನೋಡಿದವಳ ನಾಡಿ ನೂರಹತ್ತು."

ಶಿಶಿರನ ಎಡಗೆನ್ನೆಯಲ್ಲಿ ಗುಳಿ ಬಿತ್ತು. ಇದೊಂದು ಆ್ಯಪಿಗೆ ಬೇಡ ಎಂದು ಡೈರಿ ಮುಚ್ಚಿ, ಅವಳ ಮಣಿಕಟ್ಟಿಗೆ ಬೆರಳಿಟ್ಟ.

"ಜೋರಾಗಿದೆ ಮಾರಾಯ್ತಿ. ನಿಮ್ಮದೋ ನನ್ನದೋ ಗೊತ್ತಾಗ್ತಿಲ್ಲ."

ಅವನು ಕೈ ತೆಗೆಯಲು ಹೋದ. ಅರ್ಪಣಾ ಬಿಡಲಿಲ್ಲ.

"ಪೂರ್ತಿ ಒಂದು ನಿಮಿಷ ಎಣಿಸ್ಬೇಕು ಸರ್."